ಕೆರೆಗೆ ಬಿಟ್ಟ ಕೂಸು

ಯೇಸುಸ್ವಾಮಿಗೆ ಕಿವಿ ಚುಚ್ಚಬೇಕೋ ಬೇಡವೋ ಎಂಬುದರ ಮೇಲೆ ನಮ್ಮ ಶಾಲೆಯಲ್ಲಿ ಒಂದು ಬೆಳಗೆಲ್ಲ ಜಗಳ ನಡೆದಿತ್ತು. ಹಸಿ ಜೇಡಿಮಣ್ಣಿನ ಕೂಸು, ನನ್ನ ಅಂಗೈಯಷ್ಟು ಉದ್ದ. ಸುತ್ತ ಕುಳಿತ ಮಕ್ಕಳಿಗೆ ಮೊಣಕೈವರೆಗೂ ಮಣ್ಣು. ಕಿವಿ ಚುಚ್ಚದ ಕೂಸನ್ನು ಅವರು ಕಂಡೇ ಇರಲಿಲ್ಲ. ಕಡೆಗೆ ಕುರಿಹಟ್ಟಿಯ ಪುಟ್ಟ ಹುಡುಗಿಯೊಬ್ಬಳು ಜಾಲಿಮುಳ್ಳು ತಂದು ಎರಡೂ ಕಿವಿಗೆ ಚುಚ್ಚಿಯೇಬಿಟ್ಟಳು.

"ಅಳಲಿಲ್ಲ ನೋಡ್ರಿ ಅಮ್ಮಾರೆ. ಜಾಣ ಅದಾನೆ," ಎಂದಳು.

ಬೆತ್ಲೆಹೇಮಿನಲ್ಲಿ ಏನು ಪದ್ಧತಿಯೋ, ನಾನೇನು ಹೋಗಿ ನೋಡಿ ಬಂದವಳೇ?

ಈಗ ಈ ಮುಪ್ಪಿನಲ್ಲಿ ನನಗೆ ಎದುರಿಗೆ ಕುಳಿತವರ ಮುಖ ಕಾಣುವುದು ಕಷ್ಟ. ಆದರೆ ಮಧ್ಯಾಹ್ನ ಉಂಡು ಚಾಪೆಗೆ ತಲೆಯಿಟ್ಟರೆ ಸಾಕು, ಶಾಲೆ ನಡೆಯುತ್ತಿದ್ದ ಆ ಪಡಸಾಲೆಗೆ ಹೋಗಿಬಿಡುತ್ತೇನೆ. ಜವನಗೊಂಡನಹಳ್ಳಿಯಿಂದ ಒಳಕ್ಕೆ ಗಾಡಿದಾರಿ ಹಿಡಿದು ಹೋದರೆ ಸಿಗುವ ಹಳ್ಳಿ ಅದು. ಹಂಚಿನ ಸಂದಿನಿಂದ ಬೀಳುವ ಬಿಸಿಲು, ಬಿಸಿಲಿನಲ್ಲಿ ತೇಲುವ ಹೊಟ್ಟು, ಪಕ್ಕದ ಕೊಟ್ಟಿಗೆಯಲ್ಲಿ ಮೆಲುಕು ಹಾಕುವ ಎತ್ತುಗಳ ಉಸಿರು. ಮಕ್ಕಳ ಮಾತು ಎಲ್ಲೋ ನೀರಿನ ಅಡಿಯಿಂದ ಬಂದ ಹಾಗೆ ಕೇಳುತ್ತದೆ. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಉಗುರಿನಲ್ಲಿ ಮಣ್ಣಿದೆಯೇನೋ ಎಂದು ನೋಡಿಕೊಳ್ಳುತ್ತೇನೆ.

ಪಡಸಾಲೆ ಆ ಮನೆಯ ಅಜ್ಜಿಯದು. ಮಗ ಮಾರಿಕಣಿವೆಯಲ್ಲಿ ಕಟ್ಟುತ್ತಿದ್ದ ಅಣೆಕಟ್ಟೆಗೆ ಕಲ್ಲು ಸಾಗಿಸುವ ಗಾಡಿ ಹೊಡೆಯಲು ಹೋಗಿದ್ದ, ಹಾಗಾಗಿ ಮನೆಯಲ್ಲಿ ಅಜ್ಜಿಯದೇ ದರ್ಬಾರು. ಕೊರಳ ಲಿಂಗವನ್ನು ಮುಟ್ಟಿಕೊಂಡು ನನಗೆ ಮೊದಲ ದಿನವೇ ಹೇಳಿದ್ದರು: "ಅಕ್ಷರ ಕಲ್ಸು, ಕತೆ ಹೇಳು, ನಾ ಬ್ಯಾಡ ಅನ್ನಲ್ಲ. ಒಲೆ ತಾವ ಮಾತ್ರ ಬರಬ್ಯಾಡ ಕಣವ್ವ." ನಾನು ಒಲೆಯ ಹತ್ತಿರ ಹೋಗಲಿಲ್ಲ. ಒಲೆಯ ಮೇಲಿನ ರೊಟ್ಟಿ ಮಾತ್ರ ದಿನಾ ಬೆಳಿಗ್ಗೆ ನನ್ನ ಹೊಸ್ತಿಲಿಗೆ ಬರುತ್ತಿತ್ತು.

ಪಾಠ ಹೇಳಲು ಮಿಷನ್ನಿನವರು ಕಳಿಸಿದ್ದ ನನಗೆ ಪಡಸಾಲೆಯ ಮೂಲೆಯಲ್ಲಿ ಒಂದು ಕೋಣೆ ಕೊಟ್ಟಿದ್ದರು. ದೊಡ್ಡ ಬರಗಾಲದಲ್ಲಿ ಯಾರೋ ನನ್ನನ್ನು ದುರ್ಗದ ಮಿಷನ್ನಿನ ಬಾಗಿಲಿಗೆ ತಂದು ಬಿಟ್ಟಿದ್ದರಂತೆ. ಅಲ್ಲಿಂದ ಮುಂದೆ ಸಾಲಾಗಿ ಹಾಸಿದ ಚಾಪೆ, ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು. ಹೊಟ್ಟೆಗೆ ಕೊರತೆಯಿರಲಿಲ್ಲ, ಸುಳ್ಳು ಹೇಳಬಾರದು. ಆದರೆ ಇದು ನನ್ನದು ಎನ್ನಲು ಒಂದು ಗೂಟವೂ ಇರಲಿಲ್ಲ. ಈ ಕೋಣೆಯಲ್ಲಿ ಸೀರೆ ನೇತುಹಾಕಲು ಗೂಟವಿತ್ತು, ಕೆರೆ ಕಾಣುವ ಕಿಂಡಿಯಿತ್ತು. ಇದನ್ನು ಬಿಟ್ಟು ಮತ್ತೆ ಆ ಗಂಟೆಯ ಕೆಳಗೆ ಹೋಗಿ ಮಲಗಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಪಾಠಕ್ಕೆಂದು ದುರ್ಗದಿಂದ ಬಣ್ಣದ ಚಿತ್ರಗಳ ಸುರುಳಿ ಬಂದಿತ್ತು. ಮಕ್ಕಳು ಒಮ್ಮೆ ನೋಡಿದರು, ಆಮೇಲೆ ಆಕಳಿಸಿದರು. ಬಾಯಲ್ಲಿ ಹೇಳಿದ್ದು ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಬರುತ್ತದೆ ಎಂದು ಗೊತ್ತಾದ ಮೇಲೆ ನಾನು ಅವರ ಕೈಗೆ ಕೆಲಸ ಕೊಟ್ಟೆ. ಯೋಸೇಫನ ಬಣ್ಣದ ಅಂಗಿಯನ್ನು ಚಿಂದಿ ಬಟ್ಟೆಯಲ್ಲಿ ಕೌದಿಯ ಹಾಗೆ ಹೊಲಿದೆವು. ದಾವೀದನ ಕವಣೆಯನ್ನು ಅವರೇ ನನಗೆ ಹೆಣೆದು ತೋರಿಸಿದರು, ಗೊಲ್ಯಾತನ ಬದಲು ಅಜ್ಜಿಯ ನೀರಿನ ಗಡಿಗೆ ಉರುಳಿತು. ಕೆಂಪು ಸಮುದ್ರಕ್ಕೆ ಕಲಗಚ್ಚಿನ ಬಾನಿಯಲ್ಲಿ ಮರಳಿನ ಒಡ್ಡು ಹಾಕಿ ನೀರು ನಿಲ್ಲಿಸಿದಾಗ ಒಬ್ಬ ಕೇಳಿದ: "ಅಮ್ಮಾರೆ, ಮಾರಿಕಣಿವೆ ಕಟ್ಟೇನೂ ಮೋಶೇನೇ ಕಟ್ಟಿಸ್ತಿರಾದಾ?" ನಗು ತಡೆಯಲಾಗದೆ ನಾನು ಒಳಗೆ ಹೋಗಿ ನಕ್ಕು ಬಂದೆ.

ನಮ್ಮ ಮೇಲ್ವಿಚಾರಣೆಯ ದೊರೆಸಾನಿ ಮಳೆಗಾಲದಲ್ಲಿ ಬಂದು ಇದನ್ನೆಲ್ಲ ನೋಡಿದರು. ನೀಳವಾದ ಮೈಕಟ್ಟು, ಪುಸ್ತಕದಿಂದ ಎದ್ದು ಬಂದಂಥ ಕನ್ನಡ. ನಗುವುದು ಅಪರೂಪ. ದುರ್ಗದ ಬಂಗಲೆಯ ಹಿಂದೆ ಹೊಂಗೆಮರದಡಿ ಒಂದು ಪುಟ್ಟ ಸಮಾಧಿಕಲ್ಲಿತ್ತು. ಅವರ ಒಬ್ಬನೇ ಮಗ, ಇನ್ನೂ ಹೆಜ್ಜೆ ಹಾಕಲು ಕಲಿಯದವನು, ಅದರಡಿ ಮಲಗಿದ್ದ. ಭಾನುವಾರ ಸಂಜೆ ಅವರು ಒಬ್ಬರೇ ಅಲ್ಲಿ ನಿಂತಿರುತ್ತಿದ್ದರು. ಆ ಹೊತ್ತಿನಲ್ಲಿ ಹುಡುಗಿಯರು ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ.

ಕೌದಿ, ಕವಣೆ ಅವರಿಗೆ ಹಿಡಿಸಿದವು. ಮಕ್ಕಳು ಮಾಡಿ ಮೂಲೆಯಲ್ಲಿ ಒಣಗಲಿಟ್ಟಿದ್ದ ಮಣ್ಣಿನ ಗೊಂಬೆಗಳನ್ನು ಕಂಡು ಮಾತ್ರ ಹುಬ್ಬು ಗಂಟಾಯಿತು.

"ಗೊಂಬೆಗಳು ಪಾಠಕ್ಕಾಗಿ ಮಾತ್ರ. ವಿಗ್ರಹಕ್ಕೆ ಅಡ್ಡಬೀಳಬಾರದೆಂಬ ಆಜ್ಞೆಯನ್ನು ನೀನು ಬಲ್ಲೆ. ಇಲ್ಲಿ ಪೂಜೆ ನಡೆದದ್ದು ಕಂಡರೆ ಈ ಶಾಲೆಯನ್ನು ಮುಚ್ಚಿಸಿ ನಿನ್ನನ್ನು ದುರ್ಗಕ್ಕೆ ಕರೆದುಕೊಂಡು ಹೋಗುವೆನು."

"ಆಗಲಿ ಅಮ್ಮಾವರೇ," ಎಂದೆ. ಒಳಗೆ ಮೈ ಉರಿಯುತ್ತಿತ್ತು. ಹೆದರಿಕೆಯಾದರೆ ನನಗೆ ಮೊದಲು ಬರುವುದು ಸಿಟ್ಟು.

ಕ್ರಿಸ್ಮಸ್ ಹತ್ತಿರವಾಯಿತು. ದೇವರ ಮಗನನ್ನು ಗೋದಲಿಯಲ್ಲಿ ಮಲಗಿಸಿದರು ಎಂದು ನಾನು ಹೇಳಿದ್ದೇ ತಡ, ಎಲ್ಲರೂ ಪಕ್ಕದ ಕೊಟ್ಟಿಗೆಗೆ ಓಡಿ ಗೋದಲಿಯಲ್ಲಿ ಮಲಗಿ ನೋಡಿ ಬಂದರು. ಹುಲ್ಲು ಚುಚ್ಚುತ್ತದೆ, ಕೆಳಗೆ ಕೌದಿ ಹಾಸಬೇಕಿತ್ತು ಎಂದು ತೀರ್ಮಾನವಾಯಿತು. ಕೆರೆಯಂಗಳದಿಂದ ಮಣ್ಣು ಬಂತು. ಎತ್ತು ಮಾಡುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ, ಪೂಜಿಸಿ, ಸಂಜೆ ನೀರಿಗೆ ಬಿಡುವ ಮಕ್ಕಳು ಅವರು. ಕುರಿಗಳಿಗೆ ಹಟ್ಟಿಯ ಹುಡುಗಿ ನಿಜವಾದ ಉಣ್ಣೆ ಅಂಟಿಸಿದಳು. ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿ, ಕಿವಿ ಚುಚ್ಚಿಸಿಕೊಂಡ ಕೂಸನ್ನು ನಡುವೆ ಮಲಗಿಸಿದೆವು.

ದುರ್ಗದಿಂದ ಹಿರಿಯೂರಿನವರೆಗೆ ಬಂದಿದ್ದ ದೊರೆಸಾನಿಯವರನ್ನು ಕರೆತರಲು ನಾನು ಹೊರಟೆ. "ಮುಟ್ಟಬೇಡಿ, ನಾಳೆ ದೊರೆಸಾನಿ ನೋಡಬೇಕು," ಎಂದು ಎಲ್ಲರಿಗೂ ಹೇಳಿಯೇ ಹೊರಟಿದ್ದೆ.

ನಡುರಾತ್ರಿಯೇ ಹೊರಟು ಮರುದಿನ ಬೆಳಿಗ್ಗೆ ಅವರೊಂದಿಗೆ ಗಾಡಿಯಲ್ಲಿ ಹಿಂತಿರುಗಿದೆ. ಮಂಜು ಹೊಲದ ಮೇಲೆ ಇನ್ನೂ ಹಾಸಿಕೊಂಡಿತ್ತು. ಅವರೆಯ ಸೊಗಡು ಗಾಡಿಯೊಳಕ್ಕೂ ಬರುತ್ತಿತ್ತು. ಮಂಜಿನಲ್ಲಿ ಒಂದು ಕುರಿಮಂದೆ ಎದುರಾಗಿ, ಕಾಲುಗಳೇ ಕಾಣದೆ, ಸದ್ದಿಲ್ಲದೆ ದಾಟಿ ಹೋಯಿತು. ದೊರೆಸಾನಿ ಕೂತಲ್ಲೇ ತೂಕಡಿಸುತ್ತಿದ್ದರು. ಆ ದಾರಿ ಮುಗಿಯದೇ ಇರಲಿ ಅನ್ನಿಸುವಷ್ಟು ನಾನು ಸುಖವಾಗಿದ್ದೆ.

ಪಡಸಾಲೆಗೆ ಕಾಲಿಟ್ಟರೆ ಮಣೆ ಖಾಲಿ. ಖಾಲಿ ಎಂದರೆ ಪೂರ್ತಿ ಖಾಲಿಯೂ ಅಲ್ಲ. ಮೇಲೆ ಕುಂಕುಮದ ಗುರುತು, ಕಣಗಿಲೆ ಹೂವು, ಚೆಲ್ಲಿದ ಮಂಡಕ್ಕಿ, ಇರುವೆ ಮುತ್ತಿದ ಬೆಲ್ಲದ ಚೂರು. ದೊರೆಸಾನಿಯ ಕಣ್ಣು ಕುಂಕುಮದ ಮೇಲೇ ನಿಂತಿತ್ತು.

"ಕೂಸೆಲ್ಲಿ ಅಜ್ಜಿ?" ಎಂದೆ.

"ನಿನ್ನೆ ಹೊತ್ತು ಮುಳುಗಾಕೆ ಮುಂಚೆ ಕಳಿಸಿಕೊಟ್ವಿ," ಎಂದರು ಅಜ್ಜಿ ಆರಾಮವಾಗಿ. "ಪೂಜೆ ಮಾಡಿ, ಮಂಡಕ್ಕಿ ಬೆಲ್ಲ ಎಡೆ ಇಟ್ಟು, ಮಕ್ಳೆಲ್ಲ ಹೋಗಿ ಕೆರೆಗೆ ಬಿಟ್ಟು ಬಂದ್ರು."

"ನನ್ನ ಹೊಟ್ಟೆ ಮೇಲೆ ಹೊಡೆದುಬಿಟ್ಟಿರಲ್ಲ ಅಜ್ಜಿ. ಮುಟ್ಟಬೇಡಿ ಅಂತ ಹೇಳಿದ್ದೆನಲ್ಲ."

"ಹಿಂಗ್ಯಾಕಂತೀಯವ್ವ? ದೇವ್ರ ಮಗ ಅಂತ ನೀನೇ ಹೇಳಿದ್ದೆ. ಮಣ್ಣಿನ ದೇವ್ರನ್ನ ರಾತ್ರಿಯೆಲ್ಲ ತಂಗಳು ಮಾಡಿ ಇಟ್ಕಂತಾರೇನು?"

ಗೂಟ, ಕಿಂಡಿ, ಹೊಸ್ತಿಲ ಮೇಲಿನ ರೊಟ್ಟಿ ಎಲ್ಲ ಹೋಯಿತು ಎಂದುಕೊಂಡೆ.

ದೊರೆಸಾನಿ ಹಟ್ಟಿಯ ಹುಡುಗಿಯನ್ನು ಹತ್ತಿರ ಕರೆದರು. "ಶಿಶುವನ್ನು ನೀರಿಗೆ ಏಕೆ ಹಾಕಿದಿರಿ?"

ಹುಡುಗಿ ಹೆದರಲಿಲ್ಲ. "ಹಾಕ್ಲಿಲ್ರಿ, ಬಿಟ್ವಿ. ಇಟ್ಕಂಡ್ರೆ ಒಣಗಿ ಸೀಳು ಬಿಡ್ತಾನೆ. ಮೊದ್ಲು ಕೈ ಉದುರುತ್ತೆ, ಆಮ್ಯಾಕೆ ತಲೆ. ಅದನ್ನ ನೋಡಾಕಾಗಲ್ಲ. ನೀರಿಗೆ ಬಿಟ್ರೆ ಮಣ್ಣಾಗಿ ಅಲ್ಲೇ ಇರ್ತಾನೆ. ಮುಂದಿನ ವರ್ಷ ಆ ಮಣ್ಣು ತಂದ್ರೆ ಮತ್ತೆ ಬರ್ತಾನೆ."

"ಬಿಡುವಾಗ ನೀವು ಅತ್ತಿರೋ?"

"ಅಳಬಾರ್ದಂತೆ. ದಾರಿಗೆ ಅಂತ ಮಂಡಕ್ಕಿ ಕಟ್ಟಿಕೊಟ್ವಿ."

ದೊರೆಸಾನಿ ಟೋಪಿ ತೆಗೆದಿಟ್ಟು, ಸಗಣಿ ಸಾರಿಸಿದ ನೆಲದ ಮೇಲೆ ಕುಳಿತರು. ಅವರು ಹಾಗೆ ಕುಳಿತದ್ದನ್ನು ನಾನು ಅದೇ ಮೊದಲು ನೋಡಿದ್ದು. ಗಡಿಗೆಯಲ್ಲಿ ಉಳಿದಿದ್ದ ಮಣ್ಣನ್ನು ತೆಗೆದುಕೊಂಡು ನಾದತೊಡಗಿದರು. ಮಣ್ಣಿನ ಕೆಲಸ ಬಾರದ ಕೈ, ಆದರೆ ಕೂಸಿನ ಅಳತೆ ಗೊತ್ತಿದ್ದ ಕೈ. ತಲೆಯನ್ನು ಅಂಗೈಯಲ್ಲಿ ಆನಿಸಿಕೊಂಡು ಬೆನ್ನು ತಿದ್ದಿದರು. ಕಾಲು ಮಡಿಸಿದರು. ತಲೆಗೆ ಸುತ್ತ ನೆರಿಗೆಯಿರುವ ಒಂದು ಕುಲಾವಿ ಮಾಡಿದರು. ಮಕ್ಕಳು ಸುತ್ತ ಕುಳಿತು ನೋಡುತ್ತಿದ್ದರು. ಎತ್ತುಗಳು ಮೆಲುಕು ಹಾಕುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಹುಡುಗಿ ಮೆಲ್ಲಗೆ ಜಾಲಿಮುಳ್ಳನ್ನು ಮುಂದೆ ಚಾಚಿದಳು. "ಕಿವಿ ಚುಚ್ರಿ."

"ಬೇಡ," ಎಂದರು ದೊರೆಸಾನಿ. "ಇವನಿಗೆ ಚುಚ್ಚಿರಲಿಲ್ಲ."

ಅಜ್ಜಿ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅಜ್ಜಿಗೆ ಅಷ್ಟು ಸಾಕಾಯಿತು. ಒಳಗೆ ಹೋಗಿ ಒಂದು ಹಿಡಿ ಮಂಡಕ್ಕಿಯನ್ನು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ತಂದರು. ಒಲೆಯ ಹತ್ತಿರ ಯಾರನ್ನೂ ಬಿಡದ ಅಜ್ಜಿ ದೊರೆಸಾನಿಯ ಭುಜದ ಮೇಲೆ ಕೈಯಿಟ್ಟು, "ಏಳ್ರವ್ವ, ಬಿಸ್ಲೇರೋದ್ರಾಗ ಹೋಗಾಣ," ಎಂದರು.

ಕೆರೆಯ ಮೇಲೆ ಮಂಜು ಅರ್ಧ ಕರಗಿತ್ತು. ನೀರು ಎಲ್ಲಿ ಮುಗಿದು ಬಾನು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ದೊರೆಸಾನಿ ಬೂಟು ಕಾಲಲ್ಲೇ ನೀರಿಗಿಳಿದರು, ಲಂಗದ ಅಂಚು ತೇಲಿತು. ಹುಡುಗಿ ಅವರ ಬೆರಳು ಹಿಡಿದು ಜೊತೆಗೆ ಇಳಿದಳು. ದೊರೆಸಾನಿ ಎರಡೂ ಕೈಯಲ್ಲಿ ಕೂಸನ್ನು ನೀರಿನ ಮೇಲೆ ಹಿಡಿದು, ತಮ್ಮ ಭಾಷೆಯಲ್ಲಿ ಏನೋ ಅಂದು, ಮೆಲ್ಲಗೆ ನೀರಿಗೆ ಬಿಟ್ಟರು. ಜೋಗುಳವೋ ಪ್ರಾರ್ಥನೆಯೋ ನನಗೆ ತಿಳಿಯಲಿಲ್ಲ. ಮಂಡಕ್ಕಿಯ ಗಂಟು ಸ್ವಲ್ಪ ದೂರ ತೇಲಿ ಮುಳುಗಿತು. ಅಳಬಾರದೆಂದು ಹುಡುಗಿ ಹೇಳಿದ್ದರೂ ದೊರೆಸಾನಿ ಅತ್ತರು, ಮತ್ತು ಯಾರೂ ಅವರನ್ನು ತಡೆಯಲಿಲ್ಲ.

ಸಂಜೆ ಗಾಡಿ ಕಟ್ಟುವ ಹೊತ್ತಿಗೆ ನಾನು ಸೀರೆ, ಚೊಂಬು, ಚಾಪೆ ಎಲ್ಲ ಗಂಟು ಕಟ್ಟಿ ಹೊಸ್ತಿಲಲ್ಲಿಟ್ಟಿದ್ದೆ. ಪೂಜೆಯಂತೂ ನಡೆದಿತ್ತು, ಆಡಿದ ಮಾತಿಗೆ ದೊರೆಸಾನಿ ತಪ್ಪುವವರಲ್ಲ. ಅವರು ಗಂಟನ್ನು ನೋಡಿದರು.

"ಇದು ಏನು?"

"ಶಾಲೆ ಮುಚ್ಚುತ್ತೀರಲ್ಲ ಅಮ್ಮಾವರೇ."

ಲಂಗದ ಅಂಚಿನಲ್ಲಿ ಒಣಗಿದ್ದ ಕೆಸರನ್ನು ಕೊಡವುತ್ತ ಅವರು ಕೆರೆಯ ಕಡೆ ನೋಡಿದರು.

"ಬಿಚ್ಚು," ಎಂದರು. "ಮುಂದಿನ ವರ್ಷ ಅವನು ಬಂದಾಗ ಇಲ್ಲಿ ಯಾರಾದರೂ ಇರಬೇಡವೇ?"

ನಾನು ಒಳಗೆ ಹೋಗಿ ಸೀರೆಯನ್ನು ಗೂಟಕ್ಕೆ ಹಾಕಿದೆ.