ರಾಷ್ಟ್ರಪತಿಗಳ ಜೊತೆ ನಮ್ಮ ಕರಾರು

ನಮ್ಮಣ್ಣ ಭಾರತದ ರಾಷ್ಟ್ರಪತಿಗಳ ಜೊತೆ ಕರಾರು ಮಾಡಿಕೊಂಡಿದ್ದ. ಇದು ತಮಾಷೆಯ ಮಾತಲ್ಲ. ಕೊಡಿಗೇಹಳ್ಳಿಯ ಆಚೆ ನಮಗೆ ಒಂದೂವರೆ ಎಕರೆ ಹೊಲವಿತ್ತು, ಅದರಲ್ಲೊಂದು ಸಿಹಿನೀರಿನ ಬಾವಿ. ಯುದ್ಧದ ಕಾಲದಲ್ಲಿ ಅಪ್ಪ ಅದನ್ನು ಸರ್ಕಾರದ ಒಂದು ಕ್ಯಾಂಪಿಗೆ ಗುತ್ತಿಗೆಗೆ ಕೊಟ್ಟಿದ್ದರು. ಅಪ್ಪ ತೀರಿಕೊಂಡು, ದೇಶ ಗಣರಾಜ್ಯವೂ ಆದ ಮೇಲೆ, ಕ್ಯಾಂಪಿನವರು ಅಣ್ಣನ ಹೆಸರಿಗೆ ಐದು ವರ್ಷದ ಹೊಸ ಕಾಗದ ಮಾಡಿದರು. ಒಂದು ಕಡೆಯವರು ಭಾರತದ ರಾಷ್ಟ್ರಪತಿ, ಇನ್ನೊಂದು ಕಡೆಯವರು ಇಂಥವರ ಮಗ ಇಂಥವನು ಎಂದು ಅದರ ಮೊದಲ ಸಾಲಿನಲ್ಲೇ ಟೈಪ್ ಮಾಡಿತ್ತು. ಕೇಂದ್ರ ಸರ್ಕಾರದ ಕರಾರುಗಳೆಲ್ಲ ಅವರ ಹೆಸರಿನಲ್ಲೇ ಆಗುತ್ತವೆ ಎಂದು ನಮಗೆ ಗೊತ್ತಿರಲಿಲ್ಲ. ಊರ ಶಾಲೆಯ ಮೇಷ್ಟ್ರು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುವಾಗ ಅಣ್ಣ ಕೂತಲ್ಲಿಂದ ಎದ್ದು ಪಂಚೆ ಸರಿ ಮಾಡಿಕೊಂಡು ನಿಂತ.

ಕಾಗದದಲ್ಲಿ ಇನ್ನೊಂದು ಮಾತಿತ್ತು. ಹೊಲ ವಾಪಸು ಬೇಕಾದರೆ ಅವಧಿ ಮುಗಿಯುವ ಮೂರು ತಿಂಗಳ ಮುಂಚೆ ಬರೆದು ತಿಳಿಸಬೇಕು, ಇಲ್ಲದಿದ್ದರೆ ಅದೇ ಗುತ್ತಿಗೆ ಇನ್ನೂ ಹತ್ತು ವರ್ಷ ಮುಂದುವರಿಯುತ್ತದೆ. ಮೇಷ್ಟ್ರು ಇದನ್ನು ಎರಡು ಸಲ ಹೇಳಿದರು. ಎರಡನೆಯ ಸಲ ನನ್ನ ಕಡೆ ನೋಡಿ ಹೇಳಿದರು. ಮನೆಯಲ್ಲಿ ಅಕ್ಷರ ಬರುತ್ತಿದ್ದವಳು ನಾನೊಬ್ಬಳೇ. ನಾಲ್ಕನೇ ಕ್ಲಾಸಿನವರೆಗೆ ನಾನು ಓದಿದ್ದು ಅಣ್ಣ ದನ ಕಾದದ್ದರಿಂದ.

ಅಣ್ಣ ಹೆಬ್ಬಾಳದ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕೂಲಿಗೆ ಹೋಗುತ್ತಿದ್ದ. ಕಲ್ಲುಕಂಬ ನೆಡುವುದು, ತಂತಿ ಎಳೆದು ಚಪ್ಪರ ಕಟ್ಟುವುದು, ಬಳ್ಳಿ ಸವರುವುದು, ಎಲ್ಲ ಕಲಿತಿದ್ದ. ಗುತ್ತಿಗೆಯ ಕೊನೆಯ ವರ್ಷ ಸವರಿದ ಕಡ್ಡಿಗಳಲ್ಲಿ ಒಳ್ಳೆಯವನ್ನು ಆರಿಸಿ ತಂದು, ಒಡೆದ ಮಡಕೆ, ಡಬ್ಬಗಳಲ್ಲಿ ಮಣ್ಣು ತುಂಬಿ ಹಿತ್ತಲಲ್ಲಿ ನೆಟ್ಟ. ಅವು ಚಿಗುರಿದವು. ಹೊಲ ಕೈಗೆ ಬರಬೇಕು, ಅವನ್ನು ಅಲ್ಲಿ ಇಡಬೇಕು. ಅವನಿಗೆ ಬೇರೆ ಯೋಚನೆಯೇ ಇರಲಿಲ್ಲ.

ಊರಿನ ಗೆಣೆಕಾರರು ಅರಳೀಕಟ್ಟೆಯಲ್ಲಿ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ಏನ್ಲಾ, ಡಿಲ್ಲಿಯಿಂದ ನಿನ್ ಪಾಲುದಾರ್ರು ಕಾಗ್ದ ಆಕವ್ರಾ?"

"ಆಕ್ತಾರೆ ಬಿಡ್ಲಾ. ನಿಂಗಂತೂ ಅಮಲ್ದಾರೂ ಆಕಾಕಿಲ್ಲ" ಎನ್ನುತ್ತಿದ್ದ ಅಣ್ಣ.

ಗಡುವಿಗೆ ಇಪ್ಪತ್ತು ದಿನವಿರುವಾಗ ನಾನು ಅರ್ಜಿ ಬರೆದೆ. ಗೆರೆ ಹಾಕಿದ ಹಾಳೆಯಲ್ಲಿ, ದುಂಡಗೆ. ಮಹಾಸನ್ನಿಧಾನಕ್ಕೆ ಎಂದು ಶುರು ಮಾಡಿ ರಾಷ್ಟ್ರಪತಿಗಳಿಗೇ ಬರೆದೆ, ಕರಾರು ಅವರ ಜೊತೆ ತಾನೆ. ಅದು ಕೂಲಿ ಬಿಡಲಾಗದ ಕಾಲ, ಆದ್ದರಿಂದ ಅಣ್ಣ ನನ್ನನ್ನೇ ಕ್ಯಾಂಪಿನ ಆಫೀಸಿಗೆ ಕಳಿಸಿದ.

ಕಿಟಕಿಯ ಹಿಂದೆ ಒಬ್ಬ ಗುಮಾಸ್ತರು ಕೂತಿದ್ದರು. ಕನ್ನಡಕದವರು, ಪೇಟೆಯ ಕಡೆಯವರು. ಹಾಳೆ ತಿರುಗಿಸಿ ನೋಡಿದರು.

"ಯಾರಮ್ಮ ಬರೆದದ್ದು?"

"ನಾನೇ ಸ್ವಾಮಿ."

"ಅಕ್ಷರ ಚೆನ್ನಾಗಿದೆ. ಆದ್ರೆ ರಾಷ್ಟ್ರಪತಿಗಳು ಇಲ್ಲೆಲ್ಲಮ್ಮ ಕೂತಿದ್ದಾರೆ? ಈ ಕುರ್ಚಿ ಮೇಲಾ?"

ಒಳಗೆ ಕೂತಿದ್ದ ನಾಲ್ಕೈದು ಜನ ನಕ್ಕರು. ಗುಮಾಸ್ತರೂ ನಕ್ಕು, ಆಮೇಲೆ ಮೆತ್ತಗೆ ಹೇಳಿದರು. "ಇದನ್ನ ಕ್ಯಾಂಪಿನ ಸಾಹೇಬ್ರಿಗೆ ಅಂತ ಬರಿಬೇಕು. ಎರಡು ಪ್ರತಿ. ಎರಡಕ್ಕೂ ನಿಮ್ಮಣ್ಣನ ಹೆಬ್ಬೆಟ್ಟು ಹಾಕಿಸ್ಕೊಂಡು ಬಾ, ನಾನೇ ತಗೋತೀನಿ. ಇನ್ನೂ ದಿನ ಇದೆ, ಗಾಬರಿ ಬೇಡ. ಆದ್ರೆ ಮರೀಬೇಡ."

ಅವರು ಹೇಳಿದ್ದೆಲ್ಲ ಸರಿಯಾಗಿತ್ತು. ನನಗೆ ಕೇಳಿಸಿದ್ದು ನಗು ಮಾತ್ರ. ಊರಿನ ಹೆಂಗಸರು ಕಾಗದ ಓದಿಸಲು ನನ್ನ ಬಳಿ ಬರುತ್ತಿದ್ದರು. ಅಂಥ ನಾನು ತಪ್ಪು ಬರೆದೆ ಎಂದು ಹೇಗೆ ಹೇಳಲಿ? ದಾರಿಯುದ್ದಕ್ಕೂ ಮುಖ ಸುಡುತ್ತಿತ್ತು. ಮನೆಗೆ ಹೋಗದೆ ಯಲಹಂಕದ ಪೋಸ್ಟಾಫೀಸಿಗೆ ನಡೆದೆ. ಅದೇ ಹಾಳೆಯನ್ನು ರಿಜಿಸ್ಟರ್ ಮಾಡಿ ದೆಹಲಿಗೆ ಹಾಕಿದೆ. ಕಾಗದದಲ್ಲಿ ಹೆಸರಿರುವವರಿಗೇ ಹೋಗಲಿ, ಆಮೇಲೆ ಈ ಗುಮಾಸ್ತ ನಗಲಿ, ನೋಡೋಣ ಎಂದುಕೊಂಡೆ.

ಸಂಜೆ ಅಣ್ಣ ಕೇಳಿದ. "ಕ್ಯಾಂಪಲ್ಲಿ ಕೊಟ್ಯೇನಮ್ಮಿ?"

"ಕೊಟ್ಟೆ ಅಣ್ಣಯ್ಯ. ಡಿಲ್ಲಿಗೂ ಹಾಕ್ದೆ."

ಈ ಎರಡು ಮಾತುಗಳಲ್ಲಿ ಒಂದು ಸುಳ್ಳು. ಅವನ ಮುಖ ಅರಳಿತು. "ಅಪ್ಪ ಮಾರಾಜ್ರ ಕಾರು ನಿಲ್ಸಿ ಅರ್ಜಿ ಕೊಟ್ಟಿದ್ನಂತೆ. ಎಂಟೇ ದಿನಕ್ಕೆ ಅಮಲ್ದಾರ ಮನೆಬಾಗ್ಲಿಗೆ ಬಂದಿದ್ದ. ಇವ್ರು ಮಾರಾಜ್ರಿಗಿಂತ ದೊಡ್ಡೋರು ಕಣಮ್ಮಿ!"

ಆಮೇಲೂ ಹೆಚ್ಚುಕಡಿಮೆ ಇಪ್ಪತ್ತು ದಿನಗಳಿದ್ದವು. ಎರಡು ಪ್ರತಿ ಬರೆಯಲು ಒಂದು ಮಧ್ಯಾಹ್ನ ಸಾಕಿತ್ತು. ಆದರೆ ಕೊಟ್ಟಾಯಿತು ಎಂದ ಮೇಲೆ ಹೆಬ್ಬೆಟ್ಟು ಒತ್ತು ಅಣ್ಣಯ್ಯ ಎಂದು ಹೇಗೆ ಕೇಳುವುದು? ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಗಡುವು ದಾಟಿಸಿದೆ. ನಿಜ ಹೇಳಬೇಕೆಂದರೆ, ದೆಹಲಿಯವರು ನನ್ನನ್ನು ಕಾಪಾಡುತ್ತಾರೆ ಎಂದು ನಾನೂ ನಂಬಿದ್ದೆ.

ಗಡುವು ಮುಗಿದು ಹತ್ತು ದಿನಕ್ಕೆ ದೆಹಲಿಯಿಂದ ಉತ್ತರ ಬಂತು. ದಪ್ಪ ಕಾಗದ, ಮೇಲೆ ಸಿಂಹದ ಮುದ್ರೆ, ಕೆಳಗೆ ಮೂರು ಸಾಲು ಇಂಗ್ಲಿಷ್. ಅಣ್ಣ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋದ. ನಾನು ಹಿಂದೆ ಹೋದೆ.

"ನಿಮ್ಮ ಪತ್ರ ತಲುಪಿದೆ. ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಕಚೇರಿಗೆ ಕಳಿಸಲಾಗಿದೆ" ಎಂದು ಮೇಷ್ಟ್ರು ಓದಿದರು.

"ಅಂಗಂದ್ರೆ ಒಲ ಕೊಡಿ ಅಂತ ಅಪ್ಪಣೆ ಆಗೈತೆ, ಅಲ್ವಾ ಸ್ವಾಮಿ?"

"ಅಪ್ಪಣೆ ಅಲ್ಲಪ್ಪ. ಅದು ಮತ್ತೆ ಇಲ್ಲಿಗೇ ಬರುತ್ತೆ. ಈ ಕ್ಯಾಂಪಿಗೇ."

"ಅವ್ರು ಏನೂ ಯೋಳಿಲ್ವಾ?"

ಮೇಷ್ಟ್ರು ಕಾಗದ ಮಡಿಸಿದರು. "ರಾಷ್ಟ್ರಪತಿಗಳು ಹೇಳೋ ಹಾಗಿಲ್ಲ. ಮಂತ್ರಿಗಳು ತಂದದ್ದಕ್ಕೆ ರುಜು ಹಾಕ್ತಾರೆ. ಯಾಕೆ ಅಂತ ಕೇಳಬಹುದು, ನಾಲ್ಕು ಬುದ್ಧಿ ಮಾತು ಹೇಳಬಹುದು. ಕೊನೆಗೆ ಮಂತ್ರಿಗಳು ಹೇಳಿದ ಹಾಗೇ ಆಗ್ಬೇಕು. ಅದು ಇವರ ತಪ್ಪಲ್ಲ, ಆ ಕೆಲಸ ಇರೋದೇ ಹಾಗೆ."

"ಮತ್ತೆ ಎಸ್ರು ಯಾಕಾಕ್ಕಂಡವ್ರೆ?"

"ಯಾರದಾದ್ರೂ ಒಂದು ಹೆಸರು ನಿಲ್ಲಬೇಕಲ್ಲ. ಮಂತ್ರಿಗಳು ಬರ್ತಾರೆ, ಹೋಗ್ತಾರೆ." ಆಮೇಲೆ ಧೈರ್ಯ ಹೇಳಿದರು. "ಅದು ಬಿಡು. ಕ್ಯಾಂಪಿಗೆ ಗಡುವಿನೊಳಗೆ ಕೊಟ್ಟಿದ್ದೀರಲ್ಲ, ಅದು ಸಾಕು."

ಅಣ್ಣ ನನ್ನ ಕಡೆ ತಿರುಗಿ ನಕ್ಕ.

ಮಾರನೆಯ ದಿನ ಅವನು ಕೂಲಿ ಬಿಟ್ಟು ನನ್ನನ್ನು ಕರೆದುಕೊಂಡು ಕ್ಯಾಂಪಿಗೆ ಹೋದ. ಅದೇ ಕಿಟಕಿ, ಅದೇ ಗುಮಾಸ್ತರು. ಗಡುವಿನೊಳಗೆ ಯಾವ ಅರ್ಜಿಯೂ ಬಂದಿಲ್ಲ, ಗುತ್ತಿಗೆ ಮುಂದುವರಿದಾಯಿತು ಎಂದರು ಅವರು.

"ನನ್ ತಂಗಿ ಕೊಟ್ಟವ್ಳೆ. ಅವ್ಳು ಸುಳ್ಳಾಡೋಳಲ್ಲ."

ಗುಮಾಸ್ತರು ನನ್ನನ್ನು ನೋಡಿದರು. ನಾನು ತಲೆ ಬಗ್ಗಿಸಿದೆ. ಅವರು ಬಂದ ಕಾಗದಗಳನ್ನು ಬರೆದಿಡುವ ದಪ್ಪ ಪುಸ್ತಕವನ್ನು ಕಿಟಕಿಯ ಮೇಲಿಟ್ಟು ನಮ್ಮ ಕಡೆ ತಿರುಗಿಸಿದರು.

"ನೋಡಮ್ಮಿ" ಎಂದ ಅಣ್ಣ. "ನೀನು ಕೊಟ್ಟಿದ್ ದಿನ ಎಲ್ಲೈತೆ, ತೋರ್ಸು ಇವ್ರಿಗೆ."

ನಾನು ಬೆರಳಿಟ್ಟು ಒಂದೊಂದೇ ಸಾಲು ಇಳಿದೆ. ಇಂಗ್ಲಿಷ್ ಬರಹ, ನನಗೆ ತಿಳಿಯುತ್ತಿದ್ದುದು ತಾರೀಕಿನ ಅಂಕಿಗಳು ಮಾತ್ರ. ಆದರೂ ಓದುವವಳ ಹಾಗೆ ಕೊನೆಯ ಸಾಲಿನವರೆಗೆ ಹೋದೆ. ಆಗಲೂ ಬಾಯಿ ಬಿಡಬಹುದಿತ್ತು.

"ಇಲ್ಲ ಅಣ್ಣಯ್ಯ. ಬರ್ಕೊಂಡಿಲ್ಲ."

ಅಣ್ಣ ಕಿಟಕಿಯ ಕಂಬಿ ಹಿಡಿದು ಕೂಗಾಡಿದ. ಅರ್ಜಿ ನುಂಗಿದ್ದೀಯ, ಹೊಲ ನುಂಗಿದ್ದೀಯ ಎಂದ. ಗುಮಾಸ್ತರ ಮುಖ ಕಪ್ಪಿಟ್ಟಿತು. ಈಕೆ ತಂದದ್ದನ್ನು ತಿದ್ದಿ ತಾ ಎಂದಿದ್ದೆ, ಈಕೆ ಮತ್ತೆ ಬರಲೇ ಇಲ್ಲ ಎಂದು ಅವರು ಹೇಳಿಬಿಡುತ್ತಾರೆಂದು ಕಾದೆ. ಹೇಳಲಿ ಎಂದೂ ಅನ್ನಿಸಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನನ್ನ ಕೈಯಲ್ಲಿ ಏನೂ ಇಲ್ಲಪ್ಪ" ಎಂದರು, ಅಷ್ಟೆ. ಕಾವಲಿನವನು ಬಂದು ಅಣ್ಣನ ರಟ್ಟೆ ಹಿಡಿದು ಗೇಟಿನಾಚೆ ಬಿಟ್ಟ.

ಹತ್ತು ವರ್ಷ ತುಂಬುವ ಮೊದಲೇ ಸರ್ಕಾರ ಹೊಲವನ್ನು ಪೂರ್ತಿ ವಶಪಡಿಸಿಕೊಂಡಿತು. ಆ ಆಜ್ಞೆಯೂ ರಾಷ್ಟ್ರಪತಿಗಳ ಹೆಸರಿನಲ್ಲೇ ಬಂತು.

ಅದಾದ ಮೇಲೆ ಒಂದು ಬೆಳಿಗ್ಗೆ ರಾಷ್ಟ್ರಪತಿಗಳು ನಂದಿಬೆಟ್ಟಕ್ಕೆ ಹೋಗುತ್ತಾರೆಂದು ಹೆಬ್ಬಾಳದಿಂದ ಯಲಹಂಕದವರೆಗೆ ರಸ್ತೆಯ ಬದಿಗೆ ಜನ ಸೇರಿದರು. ಶಾಲೆಯ ಮಕ್ಕಳ ಕೈಗೆ ಬಾವುಟ ಕೊಟ್ಟಿದ್ದರು. ಅಣ್ಣ ಒಗೆದ ಅಂಗಿ ಹಾಕಿಕೊಂಡು ಹೊರಟ. ಅರ್ಜಿ ಗಿರ್ಜಿ ಏನೂ ಹಿಡಿದಿರಲಿಲ್ಲ. ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಂಡು ನಾನೂ ಅವನ ಪಕ್ಕದಲ್ಲಿ ನಿಂತೆ.

ಕಾರು ನಿಧಾನವಾಗಿ ಬಂತು. ಒಳಗೆ ಕೂತಿದ್ದವರು ನಮ್ಮ ಕಡೆಗೂ ಆಚೆಯ ಕಡೆಗೂ ಕೈ ಮುಗಿಯುತ್ತ ಹೋದರು. ಅಣ್ಣ ಕೈ ಮುಗಿದವನು ಕಾರು ಮರೆಯಾಗುವವರೆಗೂ ಇಳಿಸಲಿಲ್ಲ.

"ಪಾಪ, ವಯಸ್ಸಾಗೈತೆ" ಎಂದ. "ಇವ್ರ್ ಮ್ಯಾಲೆ ನಂಗೆ ಕ್ವಾಪ ಇಲ್ಲ ಕಣಮ್ಮಿ. ಇವ್ರಿಗೇನ್ ಗೊತ್ತು? ಆ ಗುಮಾಸ್ತನ್ನ ಮಾತ್ರ ಸಾಯೋಗಂಟ ಕ್ಷಮಿಸಾಕಿಲ್ಲ."

"ಅಣ್ಣಯ್ಯ" ಎಂದೆ.

"ಏನಮ್ಮಿ?"

ಅವನು ನನ್ನ ಮುಖ ನೋಡಿ, ಮತ್ತೆ ಹೊಲದ್ದೇ ಸಂಕಟ ಎಂದುಕೊಂಡ. "ಅಳಬ್ಯಾಡ. ನಿನ್ ಕೈಲಾದದ್ದು ನೀನು ಮಾಡ್ದೆ" ಎಂದು ತನ್ನ ಟವಲು ನನ್ನ ತಲೆಯ ಮೇಲೆ ಹಾಕಿದ. ಬಿಸಿಲೇರಿತ್ತು. ನಾನು ಅವನ ಹಿಂದೆ ನಡೆದೆ. ಅಣ್ಣ ಆಡಿದ ಮಾತು ಉಳಿಸಿಕೊಂಡ. ಆ ಗುಮಾಸ್ತರನ್ನು ಬೈಯುತ್ತಲೇ ಪ್ರಾಣ ಬಿಟ್ಟ.