ಅಮರ ಎಂದರೆ ಕಹಿ

ಜಯಕ್ಕ, ನಿಮ್ಮ ಮಗಳಿಗೆ ನಿಮ್ಮವ್ವನ ಹೆಸರು ತಪ್ಪಿಹೋದದ್ದು ನನ್ನಿಂದ. ನಂಜುಂಡ ಹಟ ಹಿಡಿದನೆಂದು ನೀವು ಇಷ್ಟು ವರ್ಷ ಗಂಡನನ್ನೇ ದೂರಿದಿರಿ. ಆ ಹಟದ ಬುಡದಲ್ಲಿದ್ದದ್ದು ನನ್ನದೊಂದು ಸುಳ್ಳು — ಸುಳ್ಳೆಂದು ತಿಳಿದೇ ಹೇಳಿದ ಸುಳ್ಳು. ಯಾಕೆ ಹೇಳಿದೆ ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ಶ್ರೀರಂಗಪಟ್ಟಣಕ್ಕೆ ಬರುವ ಫಾರಿನ್ನಿನವರನ್ನು ಆಟೋದಲ್ಲಿ ಸುತ್ತಾಡಿಸುತ್ತಿದ್ದೆನಲ್ಲ, ಆಗಿನ ಮಾತು. ಇಟಲಿಯ ಹೆಂಗಸೊಬ್ಬಳು ಮೂರು ದಿನ ನನ್ನ ಆಟೋದಲ್ಲೇ ತಿರುಗಿದಳು. ಕೆ.ಆರ್.ಎಸ್.ನ ಹೋಟೆಲೊಂದರಲ್ಲಿ ಹಾಗಲಕಾಯಿ ಪಲ್ಯ ಬಾಯಿಗಿಟ್ಟು, ಮುಖ ಕಿವುಚಿ, "ಅಮರಾ! ಅಮರಾ!" ಎಂದು ನಕ್ಕಳು. ಅವರ ಭಾಷೆಯಲ್ಲಿ ಕಹಿ ಅಂತ. ಹೊರಡುವಾಗ ಒಂದು ಕ್ಯಾಸೆಟ್ ಕೊಟ್ಟಳು. ಅವರ ಕಡೆಯ ರಾಕ್ ಬ್ಯಾಂಡಿನದಂತೆ, ಎಷ್ಟೋ ವರ್ಷದಿಂದ ಹಾಡುತ್ತಲೇ ಇದ್ದಾರಂತೆ. ಆ ಬ್ಯಾಂಡಿನ ಬೇರೆ ಕ್ಯಾಸೆಟ್‌ಗಳನ್ನೆಲ್ಲ ತಲೆ ಮೇಲೆ ಹೊತ್ತು ಮೆರೆಸಿದ ಜನ ಇದೊಂದನ್ನು ಮೂಸಿಯೂ ನೋಡಲಿಲ್ಲವಂತೆ. ತನಗೆ ಮಾತ್ರ ಇದೇ ಇಷ್ಟ ಎಂದಳು. ತನ್ನ ವಾಕ್‌ಮನ್ನಿನಲ್ಲಿ ಹಾಕಿ ಕೇಳಿಸಿದಳು; ಕೊನೆಯ ಹಾಡಿನಲ್ಲಿ ಅದೇ "ಅಮರಾ" ಬಂದಾಗ, ಹಾಗಲಕಾಯಿ ನೆನಪಿಸಿ ಮತ್ತೆ ಮುಖ ಕಿವುಚಿ ತೋರಿಸಿದಳು.

ನನಗೆ ಅದು ಬರೀ ಗದ್ದಲ. ನಂಜುಂಡನ ಟ್ರಾಕ್ಟರಿನಲ್ಲಿ ಟೇಪಿತ್ತು, ಅವನಿಗೆ ಕೊಟ್ಟು ಕೈತೊಳೆದುಕೊಂಡೆ. ಮಾಕವಳ್ಳಿ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವಾಗಲೆಲ್ಲ ಅವನು ಅದನ್ನೇ ಹಾಕುತ್ತಿದ್ದ. "ಎಮ್ಮೆ ಗಂಟ್ಲಲ್ಲಿ ಜಲ್ಲೆ ಸಿಕ್ಕಾಕ್ಕಂಡಂಗದೆ, ಆರ್ಸ್ಲಾ ಅದ್ನ!" ಎಂದು ಜೊತೆಯ ಡ್ರೈವರುಗಳು ರೇಗುತ್ತಿದ್ದರು. ಅವನು ಆರಿಸುತ್ತಿರಲಿಲ್ಲ. "ಮಾತು ತಿಳೀದಿದ್ರೇನ್ಲಾ, ಅವ್ನ ಸಂಕ್ಟ ತಿಳೀತದಲ್ಲ" ಎನ್ನುತ್ತಿದ್ದ. ಅವರ ದೇಶದವರೇ ಕೈಬಿಟ್ಟ ಹಾಡುಗಳನ್ನು ನಮ್ಮ ನಂಜುಂಡ ಕೈಬಿಡಲಿಲ್ಲ.

ಮಗು ಹುಟ್ಟಿದ ವಾರದಲ್ಲಿ, ಕಬ್ಬಿನ ಗಾಡಿಗಳ ಸಾಲಿನಲ್ಲಿ, ಎಲ್ಲರೆದುರು ಕೇಳಿದ — "ಲೇ ಬಾಷಾ, ಕೊನೇ ಆಡ್ನಲ್ಲಿ ಅಮರಾ ಅಮರಾ ಅಂತಾನಲ್ಲ, ಅದು ನಮ್ ಅಮರಾನೇನ್ಲಾ?"

"ಊಂ ಕಣ್ಲಾ, ಸಾವೇ ಇಲ್ದೋಳು ಅಂತ" ಎಂದುಬಿಟ್ಟೆ.

ಅಷ್ಟೇ. ಮಗಳಿಗೆ ಅದೇ ಹೆಸರೆಂದು ಅವನು ಅಲ್ಲೇ ಗಟ್ಟಿಮಾಡಿಕೊಂಡ. ಅವನ ಮುಖ ಅಷ್ಟು ಅರಳಿತ್ತಲ್ಲ, ಅದನ್ನು ಬಾಡಿಸಬಾರದೆಂದು ಹೇಳಿದೆನೋ, ಇಟಲಿ ಭಾಷೆ ಬಲ್ಲವನೆಂದು ಡ್ರೈವರುಗಳ ಮುಂದೆ ಮೆರೆಯಲು ಹೇಳಿದೆನೋ... ಒಂದೊಂದು ದಿನ ಒಂದೊಂದು ನಿಜ ಅನ್ನಿಸುತ್ತದೆ.

ಆದರೆ ನಾಮಕರಣದ ದಿನದ್ದು ಸ್ಪಷ್ಟವಾಗಿ ನೆನಪಿದೆ. ನಿಮ್ಮವ್ವ ಗೌರಮ್ಮ ತೀರಿಕೊಂಡು ಆಗಿನ್ನೂ ಮೂರು ತಿಂಗಳು. ಹಿತ್ತಲಲ್ಲಿ ನೀವು ನನ್ನನ್ನು ತಡೆದು ನಿಲ್ಲಿಸಿದಿರಿ. "ಗೌರಿ ಅಂತ ಮಡಗಾನ ಅಂದ್ರೆ ಕೇಳ್ತಿಲ್ಲ ಕಣಪ್ಪ. ನೀನೇಳುದ್ರೆ ಕೇಳ್ತರೆ" ಎಂದಿರಿ. ಕಣ್ಣು ತುಂಬಿತ್ತು ನಿಮಗೆ. ಆಗಲಾದರೂ ಬಾಯಿಬಿಡಬಹುದಿತ್ತು. "ಇಟಲೀಲಿ ಬಲು ದೊಡ್ಡ ಎಸ್ರು ಕಣಕ್ಕ" ಎಂದೆ. ಎಂದು, ನೀವೇ ಮಾಡಿದ ಪಾಯಸ ಎರಡು ಲೋಟ ಕುಡಿದು ಬಂದೆ. ಟ್ರಾಕ್ಟರಿನ ಹತ್ತಿರ ಆಡಿದ್ದು ಒಂದು ಗಳಿಗೆಯ ಮಾತು. ಇದು ಹಾಗಲ್ಲ.

ಕಳೆದ ತಿಂಗಳು ಅಮರ ಆಟೋ ಸ್ಟ್ಯಾಂಡಿಗೆ ಬಂದಿದ್ದಳು. ಆ ಹಾಡುಗಳು ಈಗ ಫೋನಿನಲ್ಲೇ ಸಿಗುತ್ತವೆ, ಅರ್ಥವೂ ಅಲ್ಲೇ ಸಿಗುತ್ತದೆ. "ಬಾಷಾ ಮಾವ, ಅಮರ ಅಂದ್ರೆ ಕಹಿ ಅಂತೆ! ನಿಮ್ಗೆ ಗೊತ್ತಿರ್ಲಿಲ್ವಾ?" ಎಂದಳು.

"ಇಲ್ಲ ಕಣವ್ವ" ಎಂದೆ. ಈ ವಯಸ್ಸಿನಲ್ಲಿ, ಆ ಮಗುವಿಗೂ!

ಅವಳು ನಕ್ಕುಬಿಟ್ಟಳು. "ಓಗ್ಲಿ ಬುಡಿ ಮಾವ. ಅಪ್ಪಂಗೆ ಮಾತ್ರ ಯೋಳ್ಬೇಡಿ, ನೊಂದ್ಕತ್ತರೆ." ಮಾತು ಕೊಟ್ಟೆ. ನಿಮಗೆ ಹೇಳಿದರೆ ಅವನಿಗೂ ಗೊತ್ತಾಗದೆ ಇರುವುದಿಲ್ಲ. ಈಗ ಆ ಮಾತು ಉಳಿಸಿದರೆ ನಿಮಗೆ ಮೋಸ, ಮುರಿದರೆ ಅವಳಿಗೆ. ನಂಜುಂಡನ ಮುಖ ನೆನೆದರೆ ತಲೆಯೇ ಓಡುವುದಿಲ್ಲ.

ಆ ಹಾಡುಗಳನ್ನು ಮೊನ್ನೆ ಮೊದಲ ಸಲ ಪೂರ್ತಿ ಕೇಳಿದೆ, ಆಟೋದಲ್ಲಿ ಒಬ್ಬನೇ ಕೂತು. ಚೆನ್ನಾಗಿವೆ, ಜಯಕ್ಕ. ನಂಜುಂಡ ಹೇಳಿದ್ದು ದಿಟ, ಮಾತು ಬೇಕಾಗಿಯೇ ಇಲ್ಲ. ನನ್ನ ಸುಳ್ಳು ಅರ್ಥವೂ ಬೇಕಾಗಿರಲಿಲ್ಲ. "ಗೊತ್ತಿಲ್ಲ ಕಣ್ಲಾ" ಎಂದಿದ್ದರೂ ಅವನು ಆ ಹಾಡನ್ನು ಅಷ್ಟೇ ಪ್ರೀತಿಸುತ್ತಿದ್ದ, ನಿಮ್ಮವ್ವನ ಹೆಸರೂ ಉಳಿಯುತ್ತಿತ್ತು.

ಭಾನುವಾರ ಪಾಂಡವಪುರದ ನಿಮ್ಮ ಮನೆಗೆ ಬಂದು ಈ ಕಾಗದವನ್ನು ನಿಮ್ಮೆದುರೇ ಓದುತ್ತೇನೆ. ನಂಜುಂಡ ಮನೆಯಲ್ಲಿದ್ದರೆ ಅವನೂ ಕೇಳಲಿ. ಅಮರ ಬೈದರೆ ಬೈಯಲಿ.

ಸ್ಟ್ಯಾಂಡಿಗೆ ಬಂದಿದ್ದಳಲ್ಲ, ಆವತ್ತು ಅವಳನ್ನು ಬಸ್ಸಿನವರೆಗೆ ಕಳಿಸಲು ಹೋಗಿದ್ದೆ. ಮೆಟ್ಟಿಲು ಹತ್ತುತ್ತಿದ್ದವಳನ್ನು, ಏನು ತೋಚಿತೋ, "ಗೌರಿ" ಎಂದು ಕರೆದೆ. ಜೋರಾಗಿಯೇ ಕರೆದೆ. ಬೇರೆ ಯಾರೋ ಹುಡುಗಿ ತಿರುಗಿ ನೋಡಿದಳು.