ಪಕ್ಕದ ಸೀಟಿನ ಗದಿಗೆಪ್ಪ

ಭಾನುವಾರದ ಬೆಳಗಿನ ಜಾವ. ಲೇತ್ ಯಂತ್ರಗಳ ಸದ್ದಿಲ್ಲದ ಪೀಣ್ಯ ಬೇರೆ ಯಾವುದೋ ಊರಿನಂತಿದೆ. ತಗಡಿನ ಷೆಡ್ಡಿನ ಮುಂದೆ ಗದಿಗೆಪ್ಪ ಕಸ ಗುಡಿಸಿ ನೀರು ಚಿಮುಕಿಸುತ್ತಾರೆ. ಗೋಣಿಚೀಲ ಹಾಸಿ ಸ್ಪ್ಯಾನರ್‌ಗಳನ್ನು ಸಾಲಾಗಿ ಜೋಡಿಸುತ್ತಾರೆ. ಆಮೇಲೆ ಸ್ಟೂಲ್ ಎಳೆದುಕೊಂಡು ಟೀ ಕುಡಿಯುತ್ತ ಕೂತುಬಿಡುತ್ತಾರೆ. ಮೆಕ್ಯಾನಿಕ್ ಗದಿಗೆಪ್ಪನವರ ಭಾನುವಾರದ ಕೆಲಸ ಹೆಚ್ಚುಕಡಿಮೆ ಇಷ್ಟೇ. ಉಳಿದದ್ದನ್ನು ಗಾಡಿಯ ಮಾಲೀಕರೇ ಮಾಡಿಕೊಳ್ಳಬೇಕು.

ವಾರದ ಮಿಕ್ಕ ದಿನಗಳಲ್ಲಿ ಇವರೂ ಎಲ್ಲ ಮೆಕ್ಯಾನಿಕ್‌ಗಳಂತೆ ದುಡ್ಡು ತೆಗೆದುಕೊಂಡು ರಿಪೇರಿ ಮಾಡುವವರೇ. ಭಾನುವಾರ ಮಾತ್ರ ಷೆಡ್ಡು, ಜಾಕಿ, ಸ್ಪ್ಯಾನರ್ ಎಲ್ಲವೂ ಬಂದವರದ್ದು. ಇವರು ಬಾಯಲ್ಲಿ ಹೇಳಿಕೊಡುತ್ತಾರೆ, ಅದಕ್ಕೆ ಬಾಡಿಗೆ ಒಂದು ಲೋಟ ಟೀ. ಆದರೆ ಒಂದು ಷರತ್ತಿದೆ. ತಮ್ಮ ಕೈಯಾರೆ ಬ್ರೇಕ್ ಬಿಚ್ಚಿ ಜೋಡಿಸಿದವರು ಗಾಡಿಯನ್ನು ಮೊದಲ ಸುತ್ತು ಓಡಿಸುವಾಗ ಗದಿಗೆಪ್ಪ ಪಕ್ಕದ ಸೀಟಿನಲ್ಲಿ ಕೂರಲೇಬೇಕು.

“ಕೈ ಅವರದು, ಕಲಿಸಿದಾಂವ ನಾನು. ಏನಾರ ಆದ್ರ ಅವರೊಬ್ಬರಿಗೇ ಯಾಕ ಆಗ್ಬೇಕ್ರಿ?” ಎನ್ನುತ್ತಾರೆ.

ಈ ಷರತ್ತಿನ ಹಿಂದೆ ನಿಂಗಪ್ಪ ಎಂಬ ಗೆಳೆಯರಿದ್ದಾರೆ. ಹಾವೇರಿ ಕಡೆಯಿಂದ ಬಂದ ಗದಿಗೆಪ್ಪ ಇಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು, ನಿಂಗಪ್ಪ ಅಲ್ಲೇ ಲೇತ್ ನಡೆಸುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಗದಿಗೆಪ್ಪ ಈ ಷೆಡ್ ಹಾಕಿದರು. ಒಂದು ಭಾನುವಾರ ನಿಂಗಪ್ಪ ಇಲ್ಲೇ, ಗದಿಗೆಪ್ಪ ಹೇಳಿಕೊಟ್ಟಂತೆ ತಮ್ಮ ಹಳೇ ಕಾರಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಕೊಂಡರು. ಹೊಸ ಪ್ಯಾಡ್ ಹಾಕಿದ ಮೇಲೆ ಗಾಡಿ ಕದಲಿಸುವ ಮೊದಲು ಪೆಡಲನ್ನು ಮತ್ತೆ ಮತ್ತೆ ತುಳಿದು ಗಟ್ಟಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮೊದಲ ಸಲ ತುಳಿದಾಗ ಬ್ರೇಕ್ ಹಿಡಿಯುವುದೇ ಇಲ್ಲ. ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರು ಮರೆಯುವುದು ಇದನ್ನೇ. ನಿಂಗಪ್ಪನವರೂ ಮರೆತರು. ರಿವರ್ಸ್ ತೆಗೆದವರು ಎದುರಿನ ಟೀ ಅಂಗಡಿಯ ಬೆಂಚು, ಬಾಯ್ಲರ್, ಬನ್ನಿನ ಡಬ್ಬಿ ಎಲ್ಲವನ್ನೂ ನೆಲಕ್ಕುರುಳಿಸಿ ಗೋಡೆಗೆ ಗುದ್ದಿ ನಿಂತರು. ಯಾರಿಗೂ ಪೆಟ್ಟಾಗಲಿಲ್ಲ. ಅಂದಿನಿಂದ ಗದಿಗೆಪ್ಪ ಪಕ್ಕದ ಸೀಟು ಬಿಟ್ಟಿಲ್ಲ.

ಆಗ ಭಾನುವಾರವೆಂದರೆ ಈ ರಸ್ತೆಯುದ್ದಕ್ಕೂ ಬಾನೆಟ್ ತೆರೆದ ಗಾಡಿಗಳೇ. ಬಿಡಿಭಾಗ ಸಿಗದಿದ್ದರೆ ಯಾರೋ ತಮ್ಮ ಲೇತ್‌ನಲ್ಲೇ ಮಾಡಿಕೊಡುತ್ತಿದ್ದರು. ಇನ್ಯಾರೋ ಮನೆಯಿಂದ ಚಿತ್ರಾನ್ನ ತರುತ್ತಿದ್ದರು, ತಿಂದವರ ಬೆರಳಿನ ಗ್ರೀಸೂ ಅದರ ಜೊತೆಗೇ ಹೊಟ್ಟೆಗೆ ಹೋಗುತ್ತಿತ್ತು. ನನ್ನ ತಂದೆಯೂ ಬೀದಿಯಲ್ಲಿ ಚಕ್ರಕ್ಕೆ ಇಟ್ಟಿಗೆ ಕೊಟ್ಟು ಕಾರಿನಡಿ ಮಲಗಿದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅವರ ಬನಿಯನ್ನಿನ ಪೆಟ್ರೋಲ್ ವಾಸನೆ ಈಗ ಬೇಕೆಂದರೂ ಸಿಗದು, ಅದಕ್ಕೆ ನನಗೆ ಸಂಕಟವಿದೆ. ಈಗ ಫೋನಿನಲ್ಲಿ ಬುಕ್ ಮಾಡಿದರೆ ಮನೆ ಬಾಗಿಲಿಗೇ ಬಂದು ಗಾಡಿ ಒಯ್ದು, ತೊಳೆದು ತಂದು ನಿಲ್ಲಿಸುತ್ತಾರೆ. ಏನು ಕೆಟ್ಟಿತ್ತೆಂಬುದು ಮಾತ್ರ ಬಿಲ್ಲು ಓದಿದರೂ ತಿಳಿಯುವುದಿಲ್ಲ.

ಹಾಗೆಂದು ಗದಿಗೆಪ್ಪನವರಿಗೆ ಹಟವಿಲ್ಲ. “ಎಲ್ಲಾ ತಾವ ಮಾಡ್ಕೊಂಡ್ರ ನಾ ಏನ್ ತಿನ್ನಲಿ? ಕ್ಲಚ್ ಗಿಚ್ ಇದ್ರ ನನಗ ಕೊಡ್ರಿ. ಸಣ್ಣ ಕೆಲಸಾ ಕಲೀರಿ, ಗಾಡಿ ನಿಮಗ ಗುರ್ತಾಗ್ತೈತಿ,” ಎಂದು ನಗುತ್ತಾರೆ. ಅವರ ಹೆಂಡತಿ ಬಸಮ್ಮ ಬಿಡುವವರಲ್ಲ. “ಗಿರಾಕಿಗೆಲ್ಲ ಕೆಲಸಾ ಕಲಿಸಿ ಕಳಸೋ ಮೆಕ್ಯಾನಿಕ್ ಇಡೀ ಬೆಂಗಳೂರಿಗೆ ಇವರೊಬ್ಬರ ನೋಡ್ರಿ,” ಎನ್ನುತ್ತಾರೆ.

ಇಂದು ಬಂದಿರುವವರು ಉಮಾಶ್ರೀ ಒಬ್ಬರೇ. ದಾವಣಗೆರೆಯವರು, ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಮನೆ. ಅಲ್ಲಿನ ಬೇಸ್‌ಮೆಂಟಿನಲ್ಲಿ ಸ್ಪ್ಯಾನರ್ ಮುಟ್ಟಿದರೆ ಅಸೋಸಿಯೇಷನ್‌ನವರು ದಂಡ ಹಾಕುತ್ತಾರಂತೆ. ಮುಂದಿನ ಚಕ್ರ ಕಳಚಿ, ಬೆವರು ಒರೆಸಿಕೊಳ್ಳುವ ನೆಪದಲ್ಲಿ ಕೆನ್ನೆಗೆಲ್ಲ ಮಸಿ ಬಳಿದುಕೊಂಡು, ಹೊಸ ಪ್ಯಾಡ್ ಕೂರಿಸುತ್ತಿದ್ದಾರೆ. ಗದಿಗೆಪ್ಪ ಕೈ ಹಾಕುವುದಿಲ್ಲ. ಬೆರಳು ತೋರಿಸುತ್ತಾರೆ, ಅಷ್ಟೇ.

ಆ ಹೊತ್ತಿಗೆ ಜಾಗದ ಮಾಲೀಕ ಆವಲಪ್ಪ ಸ್ಕೂಟರ್ ನಿಲ್ಲಿಸಿ ಒಳಬರುತ್ತಾರೆ. ಒಂದು ಕಾಲಕ್ಕೆ ಇಲ್ಲಿ ರಾಗಿ ಬೆಳೆದ ಮನೆತನ.

“ಗದಿಗೆಪ್ಪಾ, ಯುಗಾದಿ ವೊತ್ಗೆ ಖಾಲಿ ಮಾಡ್ಕೊಟ್ಬುಡಪ್ಪ. ಮಗ ಗೋಡೌನ್ ಕಟ್ತೀನಿ ಅಂತ ಕುಂತವ್ನೆ. ನಂಗೂ ಬೇಜಾರೇ, ಏನ್ ಮಾಡಾನ?”

“ಆಗ್ಲಿ ಗೌಡ್ರ. ಟೀ ಕುಡೀರಿ,” ಎಂದು ಗದಿಗೆಪ್ಪ ಸ್ಟೂಲ್ ಬಿಟ್ಟುಕೊಡುತ್ತಾರೆ. ಆವಲಪ್ಪ ಕುಡಿದು, ತಲೆ ಎತ್ತದೆ ಹೊರಟುಹೋಗುತ್ತಾರೆ.

ದೊಡ್ಡ ಸರ್ವಿಸ್ ಸೆಂಟರ್ ಒಂದು ಇವರನ್ನು ಕೆಲಸಕ್ಕೆ ಕರೆದಿದೆ. ಸಂಬಳ ಚೆನ್ನಾಗಿದೆ, ಹೋಗುತ್ತಾರೆ ಕೂಡ. “ಅಲ್ಲಿ ಗಿರಾಕಿನ್ನ ಗಾಜಿನ ಆಚಿ ಕೂಡಿಸ್ತಾರ್ರಿ. ಕಾಫಿ ಕೊಡ್ತಾರ. ಒಳಗ ಬಿಡಂಗಿಲ್ಲ,” ಎನ್ನುವಾಗ ಮಾತ್ರ ದನಿ ಇಳಿಯುತ್ತದೆ. ಬಾಡಿಗೆ ಕಡಿಮೆಯ ಬೇರೆ ಷೆಡ್ ಹುಡುಕಿ ನೋಡಿದ್ದಾರೆ, ಸಿಕ್ಕಿಲ್ಲ. ಹೋಗುತ್ತಿರುವುದು ಅವರ ಹೊಟ್ಟೆಪಾಡಲ್ಲ, ಅವರ ಭಾನುವಾರ.

ಚಕ್ರ ಬಿಗಿದಾಯಿತು. ಉಮಾಶ್ರೀ ಸ್ಟೀರಿಂಗ್ ಹಿಡಿದು ಕೂತರೂ ಕೀಲಿ ತಿರುಗಿಸುತ್ತಿಲ್ಲ.

“ಭಯ ಆಗ್ತಿದೆ ಗದಿಗೆಪ್ಪಣ್ಣ.”

“ನನಗೂ ಆಗ್ತೈತಿ ತಂಗಿ. ಪೆಡಲ್ ತುಳಿ. ಇನ್ನೊಮ್ಮಿ. ಹಾಂ, ಈಗ ಗಟ್ಟಿ ಆತು, ನಡಿ.”

ಇವರ ಬಗ್ಗೆ ಬರೆಯಲು ಬಂದು ಹಿಂದಿನ ಸೀಟಿನಲ್ಲಿ ಬ್ಯಾಗ್ ಅವುಚಿಕೊಂಡು ಕೂತ ನನ್ನನ್ನು ಭಯವೇ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಇಳಿದುಬಿಡುತ್ತಿದ್ದೆ. ಕಾರು ಖಾಲಿ ರಸ್ತೆಯಲ್ಲಿ ವೇಗ ಹಿಡಿಯುತ್ತದೆ. ತಿರುವಿನಲ್ಲಿ ಗದಿಗೆಪ್ಪ “ಹಿಡಿ” ಎನ್ನುತ್ತಾರೆ. ಕಾರು ಅಲುಗದೆ ನಿಲ್ಲುತ್ತದೆ. ಉಮಾಶ್ರೀ ತಮ್ಮ ಮಸಿ ಹತ್ತಿದ ಕೈಗಳನ್ನೇ ನೋಡುತ್ತ ನಗುತ್ತಾರೆ, ಕಣ್ಣು ಒದ್ದೆಯಾಗಿದೆ.

“ಯುಗಾದಿ ಆದ್ಮೇಲೆ ನಾವೆಲ್ಲ ಎಲ್ಲಿಗೆ ಬರೋದಣ್ಣ?”

ಗದಿಗೆಪ್ಪ ಗಾಡಿ ತಿರುಗಿಸಲು ಬೆರಳು ತೋರಿಸುತ್ತಾರೆ.

“ನೀವು ಎಲ್ಲಾರ ಜಾಗಾ ನೋಡ್ಕೊಂಡು ಬಿಚ್ರಿ. ಬ್ರೇಕ್ ಕೆಲಸಾ ಇದ್ರ ಮಾತ್ರ ನನಗೊಂದು ಫೋನ್ ಮಾಡ್ರಿ. ಎಲ್ಲೇ ಇರ್ಲಿ, ಬಸ್ ಹತ್ತಿ ಬರ್ತೀನಿ. ಏನೂ ಮುಟ್ಟಂಗಿಲ್ಲ. ಬಾಜೂಕ್ಕ ಕುಂತು ಹೋಗ್ತೀನಿ.”